ಸದ್ದು ಬರುವ ಮೊದಲೇ ಕೇಳುತ್ತಿದ್ದವರು

ಬಿಟ್ಟಂಗಾಲದ ಕಡೆ ಮೇಸ್ತ್ರಿಯಾಗಿದ್ದವನೊಬ್ಬ ಹೋದ ವಾರ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿದು ನಿಲ್ಲಿಸಿದ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾರೆಂದು ಗೊತ್ತಾಗಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಆ ಮಾತು ಈ ಮಾತು ಆದ ಮೇಲೆ, "ನಿಮ್ಮ ಜೀಪ್ ಗೌಡ್ರು ಹೋಗಿಬಿಟ್ರು ರೈಟರೇ, ಗೊತ್ತುಂಟಲ್ಲ?" ಎಂದ. ನನಗೆ ಗೊತ್ತಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಹೋಗಿತ್ತಂತೆ. ಬೆಳಿಗ್ಗೆ ಹಾಲು ತರುವ ಹೆಂಗಸು ಅಂಗಳದಿಂದ ಕರೆದು ಕರೆದು, ಆಮೇಲೆ ಹತ್ತಿರ ಹೋಗಿ ನೋಡಿದಳಂತೆ. "ಒಬ್ಬರೇ ಅಲ್ವಾ," ಎಂದ ಮೇಸ್ತ್ರಿ. ಅಷ್ಟರಲ್ಲಿ ಅವನ ಬಸ್ಸು ಹೊರಟಿತು.

ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದೆ. ಅವಳು ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟಳು. ಆಗಿನಿಂದ ಅವರ ವಿಷಯ ನಾಲ್ಕು ಮಾತು ಬರೆದಿಡಬೇಕು ಅನ್ನಿಸುತ್ತಿದೆ.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಶಿರಂಗಾಲದಲ್ಲಿ ನಮ್ಮದು ಬೇಸಾಯದ ಮನೆ. ನಾಲ್ಕು ಅಕ್ಷರ ಕಲಿತಿದ್ದ ನನಗೆ ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಆಳುಗಳ ಹಾಜರಿ ಬರೆಯುವುದು, ಕಾಫಿಯ ತೂಕ ಬರೆಯುವುದು, ಆಳುಗಳ ಸಾಲುಮನೆಗಳಾದ ಲೈನಿನ ಜಗಳ ಬಿಡಿಸುವುದು. ನಮ್ಮ ಎಸ್ಟೇಟಿನ ಕೆಳಗೆ ಒಂದು ತೋಡು ಹರಿಯುತ್ತಿತ್ತು. ಅದರ ಆಚೆಯ ಗುಡ್ಡದಲ್ಲಿ ಗೌಡರ ಸಣ್ಣ ತೋಟ, ನಡುವೆ ಹೆಂಚಿನ ಮನೆ. ಅವರ ಮನೆಗೆ ಹೋಗುವ ದಾರಿ ಆ ತೋಡಿನಲ್ಲೇ ಇಳಿದು, ಜೇಡಿಮಣ್ಣಿನ ಒಂದು ಕೆಟ್ಟ ಏರನ್ನು ಹತ್ತಬೇಕಿತ್ತು. ಬೇಸಿಗೆಯಲ್ಲಿ ಎತ್ತಿನಗಾಡಿ ಹೋಗುತ್ತಿತ್ತು. ಮಳೆ ಹಿಡಿದರೆ ಎತ್ತೂ ಒಪ್ಪುತ್ತಿರಲಿಲ್ಲ.

ಅವರ ಊರು ಭಾಗಮಂಡಲದ ಕಡೆ. ಮನೆಮಾತು ಅರೆಭಾಷೆ. ಆ ಸುತ್ತಿನಲ್ಲಿ ಆ ಮಾತು ಆಡುವ ಇನ್ನೊಂದು ಮನೆ ಇರಲಿಲ್ಲ. ಕೊಡವ ನೆರೆಯವರ ಜೊತೆ ಕೊಡವ ಭಾಷೆ, ಲೈನಿನವರ ಜೊತೆ ತಮಿಳು, ಅಂಗಡಿಯಲ್ಲಿ ಮಲಯಾಳ, ನನ್ನ ಜೊತೆ ಕನ್ನಡ. ಸ್ವಂತ ಮಾತನ್ನು ಅವರು ಆಡುತ್ತಿದ್ದದ್ದು ನಾಯಿಯ ಹತ್ತಿರ ಮಾತ್ರ. ಜೀಪು ಬಂದ ಮೇಲೆ ಅದರ ಹತ್ತಿರವೂ ಆಡತೊಡಗಿದರು. ಗೋಣಿಚೀಲ ಹಾಸಿ ಅದರಡಿ ಮಲಗಿದವರು, ಬಿಗಿದುಕೊಂಡ ನಟ್ಟಿಗೆ, "ಎಂತ ಆತ್ ನಿಂಗೆ, ಬಾ, ಬಾ," ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊರಗೆ ಕಾಣುತ್ತಿದ್ದದ್ದು ಎರಡು ಬರಿಗಾಲು ಮಾತ್ರ.

ನಾನು ಕೆಲಸಕ್ಕೆ ಸೇರಿದ ಮಾರನೆಯ ವರ್ಷ, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುತ್ತ ಬಂದಿದ್ದಾಗ ಅವರು ಆ ಜೀಪು ತಂದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳು ಆಗ ಅಲ್ಲಲ್ಲಿ ಕೈ ಬದಲಾಯಿಸುತ್ತಿದ್ದವು. ಡಿಸ್ಪೋಸಲ್ ಜೀಪು ಅನ್ನುತ್ತಿದ್ದೆವು. ಇದರ ಸ್ಟೇರಿಂಗು ಎಡಗಡೆಗಿತ್ತು. ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿ ನಮ್ಮ ಮೂಲೆಗೆ ಬಂದದ್ದು ಅದೇ ಮೊದಲು. ಲೈನಿನ ಮಕ್ಕಳೆಲ್ಲ ಹಿಂದೆ ಓಡಿ ಬಂದಿದ್ದರು. ನಮಗೂ ಒಂದು ಸುತ್ತು ಪೇಟೆಗೆ ಹೋಗಿಬರುವ ಆಸೆ.

ಗೌಡರು ಜೀಪನ್ನು ಕಾಫಿ ಒಣಗಿಸುವ ಕಣದ ಪಕ್ಕದ ಷೆಡ್ಡಿಗೆ ನುಗ್ಗಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. "ಈಗ ಓಡಿಸುದಿಲ್ಲ. ಮೊದಲು ನೋಡ್ಬೇಕು," ಎಂದರು.

"ಮೈಸೂರಿಂದ ಓಡ್ಕಂಡೇ ಬಂತಲ್ಲ ಗೌಡ್ರೇ?" ಎಂದೆ.

"ಬಂದದ್ದು ಅದರ ಪುಣ್ಯ. ಇನ್ನು ಹೋಗುದು ನನ್ನ ಜವಾಬ್ದಾರಿ."

ಹಿಂದೆ ಅವರು ಬಿಳಿಯ ದೊರೆಯೊಬ್ಬನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಅಲ್ಲಿಂದ ಬಂದ ಅಭ್ಯಾಸ ಇರಬೇಕು, ಕೆಟ್ಟುಹೋದದ್ದನ್ನು ಸರಿಮಾಡುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದರಲ್ಲಿ ಅವರಿಗೆ ಹೆಚ್ಚು ನಂಬಿಕೆ. "ಸದ್ದು ಬರುವ ಮೊದಲೇ ಕೇಳ್ಬೇಕು ರೈಟರೇ. ಬಂದ ಮೇಲೆ ಎಲ್ಲರಿಗೂ ಕೇಳ್ತದೆ," ಎನ್ನುತ್ತಿದ್ದರು. ಎಂಜಿನ್ ಓಡಲು ಬಿಟ್ಟು ತಲೆಯನ್ನು ಒಂದು ಬದಿಗೆ ವಾಲಿಸಿ, ಒಂದು ಕಣ್ಣು ಮುಚ್ಚಿ ನಿಂತುಬಿಡುವರು. ಆಗ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ತಡೆಯುವರು.

ಸಂಜೆ ಹಾಜರಿ ಮುಗಿಸಿ ನಾನು ತೋಡು ದಾಟಿ ಹೋಗುತ್ತಿದ್ದೆ. ನನಗೂ ಅಲ್ಲಿ ಬೇರೆ ಜನ ಇರಲಿಲ್ಲ. ಅವರು ಗಾಡಿಯ ಒಂದೊಂದೇ ಅಂಗ ಬಿಚ್ಚುವುದನ್ನು ನೋಡುತ್ತ ಕೂರುತ್ತಿದ್ದೆ. ಮೊದಲು ಎಂಜಿನ್ನಿನ ಆಯಿಲ್ ಇಳಿಸಿದರು. ಡಾಂಬರಿನ ಹಾಗೆ ಬಂತು. ಆಮೇಲೆ ಗೇರ್ ಪೆಟ್ಟಿಗೆ. ಹಿಂದಿನ ಆಕ್ಸಲಿನ ಬಿರಡೆ ಬಿಚ್ಚಿದಾಗ ಮಾತ್ರ ನನ್ನನ್ನು ಹತ್ತಿರ ಕರೆದರು. ಡಬ್ಬಿಗೆ ಬಿದ್ದ ಆಯಿಲ್ ಮಾಸಲು ಬಿಳಿ ಬಣ್ಣಕ್ಕಿತ್ತು.

"ನೋಡಿ, ಹಾಲು ಹಾಕಿದ ಕಾಫಿ. ನೀರು ಹೋಗಿದೆ. ಎಲ್ಲಿಯೋ ಹೊಳೆಯಲ್ಲಿ ಮುಳುಗಿಸಿ ಹಾಗೇ ಬಿಟ್ಟಿದ್ದಾರೆ. ಹೊರಗಿಂದ ಗೊತ್ತಾಗ್ತದಾ?" ಎಂದರು. ಆಮೇಲೆ ಡಬ್ಬಿಯನ್ನೇ ನೋಡುತ್ತ, "ಹಳೇ ಗಾಡಿ ಅಂದ್ರೆ ಬೇರೆ ಯಾರದೋ ಅಭ್ಯಾಸ ಅದರೊಳಗೆ ಇರ್ತದೆ. ಅದನ್ನೆಲ್ಲ ತೆಗೀಬೇಕು," ಎಂದರು.

ತೆಗೆದರು. ಪೆಟ್ರೋಲ್ ಟ್ಯಾಂಕು ಇಳಿಸಿ ತಳದಲ್ಲಿದ್ದ ಮರಳು ತೊಳೆದರು. ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿದಾಗ ತುಕ್ಕಿನ ಜೊತೆ ಯಾವುದೋ ಹುಲ್ಲಿನ ಬೀಜ ಬಂತು. ಚಕ್ರ ಬಿಚ್ಚಿ, ಬೇರಿಂಗುಗಳನ್ನು ತೊಳೆದು ಒರೆಸಿ, ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಉಣ್ಣಿಸಿದ ಹಾಗೆ ತುಂಬಿದರು. ಬ್ರೇಕಿನ ಕೊಳವೆ, ಫ್ಯಾನಿನ ಪಟ್ಟಿ, ರಬ್ಬರಿನ ಪೈಪು ಎಲ್ಲ ಹೊಸದು. ಮುಂದಿನ ಚಕ್ರಗಳನ್ನು ಎಂಜಿನ್ನಿಗೆ ಸೇರಿಸುವ ಸಣ್ಣ ಹಿಡಿಕೆ ಕಚ್ಚಿಕೊಂಡು ಕೂತಿತ್ತು. ಅದನ್ನು ದಿನಾ ಹಿಂದೆ ಮುಂದೆ ಆಡಿಸಿ ಆಡಿಸಿ ಸಡಿಲ ಮಾಡಿದರು. "ಇದು ಬೇಕಾಗುದು ವರ್ಷಕ್ಕೆ ಒಂದೇ ಸಲ ಇರ್ಬೋದು. ಆವತ್ತು ಬರಲಿಕ್ಕಿಲ್ಲ ಅಂದ್ರೆ?" ಎನ್ನುವರು.

ಸೀಟಿನಡಿ ಉಣ್ಣೆಯ ಕೈಗವಸೊಂದು ಸಿಕ್ಕಿತು, ಯಾರೋ ಸಿಪಾಯಿಯದು, ಒಂದೇ ಕೈಯದು. ನಾನು ಎಸೆಯುತ್ತಾರೆ ಅಂದುಕೊಂಡೆ. ತೊಳೆದು, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಇದ್ದಲ್ಲೇ ಇಟ್ಟರು.

ಇಷ್ಟಾದರೂ ಜೀಪು ಗೇಟು ದಾಟಲಿಲ್ಲ. ತಿಂಗಳಾಯಿತು. ಹೂಮಳೆ ಬಂತು, ತೋಟವೆಲ್ಲ ಬೆಳ್ಳಗಾಯಿತು, ಹೂ ಉದುರಿತು. ಕೇಳಿದರೆ, "ಬ್ರೇಕು ಒಂಚೂರು ಎಡಕ್ಕೆ ಎಳೀತದೆ," ಅನ್ನುವರು. ಇನ್ನೊಂದು ದಿನ ಸ್ಪ್ರಿಂಗಿನ ಪಟ್ಟಿಗಳ ನಡುವೆ ತುಕ್ಕು. ಊರಿನವರಿಗೆ ತಮಾಷೆಗೆ ವಿಷಯ ಸಿಕ್ಕಿತು. ದಾರಿ ಬದಿಯ ಅಂಗಡಿಯ ಕಾಕ ಒಳ್ಳೆಯ ಮನುಷ್ಯ, ಆದರೆ ನಾಲಿಗೆಗೆ ತಡೆ ಇಲ್ಲ. ಒಂದು ದಿನ ನಾನು ಬೆಲ್ಲ ಕೊಳ್ಳುತ್ತಿದ್ದಾಗ, "ಗೌಡರ ಜೀಪು ಬಾಣಂತಿ ಅಲ್ವಾ ರೈಟರೇ, ಹೊರಗೆ ಬರ್ಲಿಕ್ಕಿಲ್ಲ," ಎಂದು ನಕ್ಕ. ಅಲ್ಲಿದ್ದವರೂ ನಕ್ಕರು. ತಿರುಗಿ ನೋಡಿದರೆ ಗೌಡರು ಮೆಟ್ಟಿಲ ಹತ್ತಿರ ನಿಂತಿದ್ದರು. ಹೊಗೆಸೊಪ್ಪಿಗೆ ಬಂದವರು ಅದನ್ನು ಕೇಳದೆ ಬಂದ ದಾರಿಯಲ್ಲಿ ಹೊರಟುಹೋದರು.

ಕಾಕ ಹಣೆ ಹಣೆ ಬಡಿದುಕೊಂಡ. "ಎಂಥ ಮಾತು ಹೇಳಿಬಿಟ್ಟೆ ನಾನು! ಆ ಮನುಷ್ಯನ ಹತ್ತಿರ!"

ಆ ದಿನವೇ ಕಾಕನ ಬಾಯಿಂದ ನನಗೆ ವಿಷಯ ತಿಳಿದದ್ದು. ಗೌಡರಿಗೆ ಹೆಂಡತಿ ಇದ್ದರು. ನಾನು ಬರುವ ಕೆಲವು ವರ್ಷ ಮೊದಲು, ಜೋರು ಮಳೆಗಾಲದಲ್ಲಿ ಆಕೆಗೆ ದಿನ ತುಂಬುವ ಮೊದಲೇ ನೋವು ಬಂತು. ಗಾಡಿ ಇಲ್ಲ, ತೋಡು ತುಂಬಿದೆ. ಗೌಡರು ಬಿದಿರು ಕಡಿದು, ಕುರ್ಚಿಗೆ ಕಟ್ಟಿ, ಲೈನಿನ ಗಂಡಸರನ್ನು ಸೇರಿಸಿ ಹೊರಿಸಿಕೊಂಡು ವೀರಾಜಪೇಟೆಗೆ ಹೊರಟರು. ಮಗು ದಾರಿಯಲ್ಲೇ ಹುಟ್ಟಿತು, ಉಳಿಯಲಿಲ್ಲ. ಆಕೆ ಸುಧಾರಿಸಿಕೊಳ್ಳಲು ತವರಿಗೆ ಹೋದವರು ತಿರುಗಿ ಬರಲಿಲ್ಲ.

ಹಾಗಾದರೆ ಆ ಗಾಡಿ ಯಾರಿಗಾಗಿ ಬಂದದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಅದು ಯಾಕೆ ಗೇಟು ದಾಟುತ್ತಿಲ್ಲ ಎಂಬುದೂ ನನಗೆ ಆಗ ಹೊಳೆಯಿತು. ಎಲ್ಲ ಸರಿಯಾಯಿತು ಅಂದರೆ ಹೋಗಿ ಕರೆಯಬೇಕು. ಕರೆದರೆ ಆಕೆ ಬರುವುದಿಲ್ಲ ಅನ್ನಬಹುದು. ಬಿಚ್ಚಲು ಒಂದು ನಟ್ಟು ಉಳಿದಿರುವವರೆಗೆ ಆ ಉತ್ತರ ಕೇಳಬೇಕಾಗಿರಲಿಲ್ಲ.

ಮಳೆಗಾಲ ಹತ್ತಿರವಾದಾಗ ಒಂದು ಶನಿವಾರ ಅವರೇ ನನ್ನ ಕ್ವಾರ್ಟರ್ಸಿಗೆ ಬಂದರು. ಒಳಗೆ ಕೂರಲಿಲ್ಲ. "ನಾಳೆ ನಿಮಗೆ ರಜೆ ಅಲ್ವಾ? ನಮ್ಮ ಊರ ಕಡೆ ಹೋಗಿ ಬರುವ. ಒಬ್ಬನೇ ಹೋಗುದು ಸರಿ ಕಾಣುದಿಲ್ಲ," ಎಂದರು.

ಹೋದೆವು. ದಾರಿಯುದ್ದಕ್ಕೂ ಅವರು ಆಡಿದ ಮಾತು ಬಹಳ ಕಡಿಮೆ. ತಲೆ ವಾಲಿಸಿ ಎಂಜಿನ್ ಕೇಳುತ್ತಿದ್ದರು. ಆಕೆಯ ತವರು ಗದ್ದೆಯ ಅಂಚಿನ ಮನೆ. ಆಕೆ ಎತ್ತರದ ಹೆಂಗಸು, ಮುಖದಲ್ಲಿ ಸಿಟ್ಟು ಇರಲಿಲ್ಲ. ನಮಗೆ ಕಾಫಿ ಕೊಟ್ಟು, ಅಂಗಳಕ್ಕೆ ಇಳಿದು ಜೀಪಿನ ಸುತ್ತ ಒಂದು ಸಲ ನಡೆದು ನೋಡಿದರು. ಮಡ್‌ಗಾರ್ಡಿನ ಮೇಲೆ ಬೆರಳು ಸವರಿ, "ಲಾಯ್ಕ್ ಉಟ್ಟು," ಎಂದರು. ಚೆನ್ನಾಗಿದೆ ಎಂದು. ಗೌಡರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಒಳಗೆ ಆಕೆಯ ತಾಯಿಯ ಜೊತೆ ಏನೋ ಮಾತಾಯಿತು. ಸ್ವಲ್ಪ ಹೊತ್ತಿನಲ್ಲಿ ಆಕೆ ಒಂದು ಬಟ್ಟೆಯ ಗಂಟು ಹಿಡಿದು ಬಂದರು.

ತಿರುಗಿ ಬರುವಾಗ ಆಕೆ ಮುಂದೆ, ನಾನು ಹಿಂದೆ ಅಕ್ಕಿಚೀಲದ ಪಕ್ಕ. ನಮ್ಮ ತೋಡಿಗೆ ಬರುವಷ್ಟರಲ್ಲಿ ಮೇಲೆಲ್ಲೋ ಮಳೆಯಾಗಿ ನೀರು ಏರಿತ್ತು. ಗೌಡರು ನಿಲ್ಲಿಸಿ, ಆ ಸಣ್ಣ ಹಿಡಿಕೆ ಎಳೆದು, ಮೆಲ್ಲಗೆ ನೀರಿಗಿಳಿಸಿದರು. ಜೀಪು ನೀರು ದಾಟಿ, ಆ ಕೆಟ್ಟ ಜೇಡಿಮಣ್ಣಿನ ಏರನ್ನು ಒಂದೇ ಉಸಿರಿಗೆ ಹತ್ತಿತು. ಮೇಲೆ ಬಂದು ಅವರು ಹೆಂಡತಿಯ ಕಡೆ ನೋಡಿದರು. ಅಷ್ಟು ಆಸೆಯಿಂದ ಒಬ್ಬ ದೊಡ್ಡ ಮನುಷ್ಯ ಇನ್ನೊಬ್ಬರ ಮುಖ ನೋಡುವುದನ್ನು ನಾನು ಮತ್ತೆ ಕಂಡಿಲ್ಲ. ಆಕೆ ಇನ್ನೊಂದು ಬದಿಗೆ, ದಾರಿಯ ಪಕ್ಕದ ಬಿದಿರುಮೆಳೆಯ ಕಡೆ ನೋಡುತ್ತಿದ್ದರು.

ಆಮೇಲಿನ ದಿನಗಳಲ್ಲಿ ನಾನು ತೋಡು ದಾಟಲಿಲ್ಲ. ಈಚೆಯಿಂದಲೇ ಅವರ ಅಡುಗೆಮನೆಯ ಹೊಗೆ ಕಾಣುತ್ತಿತ್ತು. ಗೌಡರು ಇಸ್ತ್ರಿ ಹಾಕಿದ ಅಂಗಿಯಲ್ಲಿ ತೋಟ ಸುತ್ತುತ್ತಿದ್ದರು. ಅಂಗಳಕ್ಕೆ ಸಗಣಿ ಸಾರಿಸಿದ್ದರು. ಎಲ್ಲ ಸರಿಹೋಯಿತು ಎಂದು ಕಾಕನಿಗೂ ಹೇಳಿದೆ. ಒಂದು ಬೆಳಿಗ್ಗೆ ನಾನು ಹಾಜರಿ ಕರೆಯುತ್ತಿದ್ದಾಗ ಜೀಪು ನಮ್ಮ ದಾರಿಯಲ್ಲಿ ಬಂತು. ಆಕೆಯ ಮಡಿಲಲ್ಲಿ ಆ ಬಟ್ಟೆಯ ಗಂಟು. ನನ್ನನ್ನು ನೋಡಿ ಸಣ್ಣಗೆ ನಕ್ಕು, "ಬರ್ತೇನೆ ರೈಟರೇ," ಎಂದರು. ಗೌಡರು ದಾರಿಯನ್ನೇ ನೋಡುತ್ತಿದ್ದರು. ಬೆಳಕಿರುವಾಗಲೇ ಜೀಪು ತಿರುಗಿ ಬಂತು, ಅದರಲ್ಲಿ ಗೌಡರು ಒಬ್ಬರೇ.

ಎಷ್ಟೋ ದಿನ ಕಳೆದ ಮೇಲೆ ಷೆಡ್ಡಿನಲ್ಲಿ ಕೂತಿದ್ದಾಗ, ನಾನು ಕೇಳದೆಯೇ ಹೇಳಿದರು. ಕೈಯಲ್ಲಿ ಸ್ಪಾನರು ಇತ್ತು. ಅದನ್ನು ಒರೆಸಿದ್ದೇ ಒರೆಸಿದ್ದು.

"ಗಾಡಿ ಬೇಕಿತ್ತು ಅಂತ ನಿಮಗೆ ಯಾರು ಹೇಳಿದ್ದು, ಅವಳು ಕೇಳಿದ್ಲು. ಆವತ್ತು ನಾನು ಒಳಗೆ ಮಲಗಿ ನಿಮ್ಮನ್ನು ಕರೀತಾ ಇದ್ದೆ. ನೀವು ಹೊರಗೆ ಬಿದಿರು ಕಡೀತಾ ಇದ್ರಿ, ಆ ಸದ್ದು ನನಗೆ ಕೇಳ್ತಾ ಇತ್ತು. ನಾನು ಕರೆದದ್ದು ನಿಮಗೆ ಕೇಳ್ಲಿಲ್ವಾ, ಅಂತ."

"ಕೇಳಿತ್ತಾ?" ಎಂದೆ.

"ಕೇಳಿತ್ತು ರೈಟರೇ. ಓ ಅನ್ಲಿಕ್ಕೆ ಹೊತ್ತು ಎಲ್ಲಿ ಅಂತ ಕಂಡಿತ್ತು ನನಗೆ. ಕಟ್ಟು ಗಟ್ಟಿ ಆಗ್ಬೇಕಿತ್ತಲ್ಲ. ಅಷ್ಟು ದೂರ ಹೊತ್ತರೂ ಒಂದು ಕಟ್ಟು ಸಡಿಲ ಆಗಿಲ್ಲ." ಸ್ಪಾನರನ್ನು ಕೆಳಗಿಟ್ಟರು. "ಒಂದು ಸಲ ಒಳಗೆ ಬಂದು ಕೈ ಹಿಡಿದು ಕೂತಿದ್ರೆ ಸಾಕಿತ್ತು ಅಂದ್ಲು. ಈ ಸಲ ಬಂದಾಗಲೂ ನೀವು ಜಗಲಿಯಲ್ಲಿ ಕೂತದ್ದಕ್ಕಿಂತ ಷೆಡ್ಡಲ್ಲಿ ಇದ್ದದ್ದು ಜಾಸ್ತಿ ಅಂದ್ಲು. ಅದೂ ಸುಳ್ಳಲ್ಲ. ಎದುರು ಕೂತರೆ ಎಂಥ ಮಾತಾಡುದು ಅಂತ ನನಗೆ ಗೊತ್ತಾಗುದಿಲ್ಲೆ."

ಇನ್ನೂ ಮದುವೆಯಾಗದ ಹುಡುಗ ನಾನು.

"ಅವಳನ್ನು ಬಿಡ್ಲಿಕ್ಕೆ ಹೋದೆನಲ್ಲ," ಎಂದರು ಗೌಡರು, "ಆವತ್ತು ಎಲ್ಲಿಯಾದ್ರೂ ಒಂದು ಕಡೆ ಇದು ನಿಲ್ಲಬಾರದಾ ಅನ್ನಿಸ್ತು. ಒಂದು ಟಯರಾದ್ರೂ ಪಂಕ್ಚರ್ ಆಗ್ಲಿ. ದಾರಿ ಬದಿ ಕೂತು ಒಂಚೂರು ಹೊತ್ತಾದ್ರೂ... ಎಲ್ಲಿಯೂ ನಿಲ್ಲಲಿಲ್ಲ. ನೀರು ಸಹ ಬಿಸಿ ಆಗಲಿಲ್ಲ."

ಅವರಿಬ್ಬರ ನಡುವೆ ಜಗಳ ಇರಲಿಲ್ಲ ಎನ್ನುವುದೇ ನನಗೆ ಬಹಳ ದಿನ ಅರ್ಥವಾಗದ ಸಂಗತಿ. ಪ್ರತಿ ವರ್ಷ ಕಾವೇರಿ ಸಂಕ್ರಮಣಕ್ಕೆ ಗೌಡರು ಆ ಕಡೆ ಹೋಗುವರು. ತಲಕಾವೇರಿಯಲ್ಲಿ ಮಿಂದು, ಆಕೆಯ ಮನೆಯಲ್ಲಿ ಕಾಫಿ ಕುಡಿದು ತಿರುಗಿ ಬರುವರು. ಬರುವಾಗ ಮುಂದಿನ ಸೀಟಿನಲ್ಲಿ, ಅಲುಗದ ಹಾಗೆ ಬಟ್ಟೆ ಸುತ್ತಿದ ಒಂದು ಭರಣಿ ಇರುತ್ತಿತ್ತು, ಕಣಿಲೆಯ, ಅಂದರೆ ಎಳೆ ಬಿದಿರಿನ, ಉಪ್ಪಿನಕಾಯಿ. ಅದರಲ್ಲಿ ನನಗೂ ಒಂದು ಪಾಲು. ಇಬ್ಬರೂ ಬೇರೆ ಮದುವೆಯ ಮಾತು ಎತ್ತಲಿಲ್ಲ. ಆಕೆ ತೀರಿಕೊಂಡ ಸುದ್ದಿ, ನಾನು ಆ ಊರು ಬಿಟ್ಟ ಮೇಲೆ ಕೇಳಿದೆ.

ಆಕೆ ಬಂದು ಹೋದ ಆ ವರ್ಷದಿಂದ ಜೀಪು ಎಲ್ಲರದೂ ಆಯಿತು. ತೋಡಿನ ಎರಡೂ ಬದಿಯಲ್ಲಿ ಯಾರಿಗೆ ಜ್ವರ ಬಂದರೂ, ಹಾವು ಕಚ್ಚಿದರೂ ಗೌಡರ ಅಂಗಳಕ್ಕೆ ಓಡುವುದು. ಅವರು ಇಲ್ಲ ಅಂದದ್ದನ್ನು ಯಾರೂ ಕೇಳಿಲ್ಲ. ಆದರೆ ಪೇಟೆಯಿಂದ ಬಂದ ಮೇಲೆ ಜನ ಇಳಿದು ಅವರವರ ಮನೆಗೆ ಹೋಗುವರು. ಮದುವೆಗೆ ಕರೆದರೆ ಗೌಡರು ದಿಬ್ಬಣದವರನ್ನು ಇಳಿಸಿ, ಊಟಕ್ಕೆ ನಿಲ್ಲದೆ ಬಂದುಬಿಡುವರು. ಭಾನುವಾರ ಗೋಣಿಚೀಲ ಹಾಸಿ ಜೀಪಿನಡಿಗೆ ಹೋದರೆಂದರೆ ಆ ಎರಡು ಕಾಲು ಮಾತ್ರ.

ನನಗೆ ಮದುವೆಯಾಯಿತು. ಹೆಂಡತಿಯನ್ನು ಹೆರಿಗೆಗೆ ತವರಿಗೆ ಕಳಿಸುವ ಮಾತಾಗಿತ್ತು. ಅದಕ್ಕೆ ಮೊದಲೇ, ಮಳೆಗಾಲದ ಒಂದು ಮಧ್ಯಾಹ್ನ ನೋವು ಶುರುವಾಯಿತು. ಆಳು ಓಡಿದ. ಜೀಪು ಬಂತು. ಗೌಡರು ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿಕೊಂಡೇ ಬಂದಿದ್ದರು. ಅವಳನ್ನು ಮಲಗಿಸಿ ನಾನು ಮುಂದೆ ಹತ್ತಲು ಹೋದೆ.

"ಇಲ್ಲಿ ಅಲ್ಲ. ಹಿಂದೆ ಹೋಗಿ," ಎಂದರು.

"ಹಿಂದೆ ಜಾಗ ಸಾಲಲ್ಲ ಗೌಡ್ರೇ. ಮುಂದೆ ಕೂತು ದಾರಿನಾದ್ರೂ ನೋಡ್ತೀನಿ."

"ದಾರಿ ನಾನು ನೋಡ್ತೇನೆ. ನೀವು ಅವರನ್ನು ನೋಡಿ."

ಹಾಗೆ ಗಟ್ಟಿಯಾಗಿ ಅವರು ನನ್ನ ಜೊತೆ ಯಾವತ್ತೂ ಮಾತಾಡಿರಲಿಲ್ಲ. ನಾನು ಹಿಂದೆ ಹೋಗಿ ಮಂಡಿ ಮಡಚಿ ಕೂತೆ. ಹೆಂಡತಿ ನನ್ನ ಕೈಯನ್ನು ಮೂಳೆ ನೋಯುವ ಹಾಗೆ ಹಿಡಿದುಕೊಂಡಳು. ಹೊರಗೆ ಏನೂ ಕಾಣದ ಮಳೆ. ಜೀಪು ಜಾರುತ್ತಿತ್ತು, ಹಿಡಿದು ನಿಲ್ಲುತ್ತಿತ್ತು, ಮತ್ತೆ ಹತ್ತುತ್ತಿತ್ತು. ಹೆದರಿಕೆಗೆ ನನ್ನ ಬಾಯಿ ಕಟ್ಟಿತ್ತು. ಮುಂದಿನಿಂದ ಗೌಡರು ತಿರುಗದೆಯೇ ಕೂಗಿದರು: "ಮಾತಾಡಿ ರೈಟರೇ! ಸುಮ್ಮನೆ ಕೂರ್ಬೇಡಿ. ಎಂಥಾದ್ರೂ ಮಾತಾಡಿ ಅವರ ಹತ್ತಿರ!"

ನಾನು ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಶಿರಂಗಾಲದ ನಮ್ಮ ಗದ್ದೆ, ನಮ್ಮವ್ವ ಮಾಡುವ ಹುರುಳಿ ಸಾರು, ನನ್ನ ತಂಗಿ ಬಾವಿಗೆ ಬಿಂದಿಗೆ ಬೀಳಿಸಿದ್ದು, ಬಾಯಿಗೆ ಬಂದದ್ದೆಲ್ಲ. ಅವಳು ನೋವಿನ ನಡುವೆ ಒಂದು ಸಲ ನಕ್ಕಳು ಕೂಡ. ಈಗಲೂ ಆ ದಿನದ ಮಾತು ಬಂದರೆ ಅವಳು ಜೀಪಿನ ವಿಷಯ ಹೇಳುವುದಿಲ್ಲ, ಹುರುಳಿ ಸಾರಿನ ವಿಷಯ ಹೇಳುತ್ತಾಳೆ.

ವೀರಾಜಪೇಟೆಯ ಆಸ್ಪತ್ರೆಯಲ್ಲಿ ಮಗು ಹುಟ್ಟಿತು. ನಾನು ಹೊರಗೆ ಓಡಿ ಬಂದೆ. ಗೌಡರು ಮರದಡಿ ಜೀಪಿನಲ್ಲೇ ಕೂತಿದ್ದರು. ಒಳಗಿನ ಬೆಂಚಿನಲ್ಲಿ ಜಾಗ ಇದ್ದರೂ ಬಂದಿರಲಿಲ್ಲ. ಕ್ಯಾನ್ವಾಸಿನ ಅಂಚಿನಿಂದ ನೀರು ಅವರ ಭುಜಕ್ಕೆ ತೊಟ್ಟಿಕ್ಕುತ್ತಿತ್ತು.

"ಹೆಣ್ಣು ಗೌಡ್ರೇ. ಇಬ್ಬರೂ ಚೆನ್ನಾಗವ್ರೆ."

ಅವರು ನನ್ನ ಮುಖವನ್ನೇ ನೋಡಿದರು. "ಮಗು ಕೂಗಿತಾ?"

"ಕೂಗ್ತು. ಇನ್ನೂ ಕೂಗ್ತಾನೇ ಐತೆ. ಬನ್ನಿ, ನೋಡಿ."

"ಇಲ್ಲೆ," ಎಂದು ಬೇಡವೆನ್ನುವಂತೆ ತಲೆ ಆಡಿಸಿದರು. ನಾನು ಮಳೆಯಲ್ಲೇ ನಿಂತಿದ್ದೆ. ಎಂಜಿನ್ ಶುರು ಮಾಡಿ, ಗೇರಿನ ಮೇಲೆ ಕೈ ಇಟ್ಟವರು ನನ್ನ ಕಡೆ ತಿರುಗಿದರು.

"ನಿಮಗೆ ಇಲ್ಲಿ ಹೊರಗೆ ಎಂಥ ಕೆಲಸ? ಒಳಗೆ ಹೋಗಿ ಮಾರಾಯ್ರೆ, ಅವರು ಕರೀತಾ ಇರ್ತಾರೆ."

ಜೀಪು ಇಳಿಜಾರಿನಲ್ಲಿ ತಿರುಗಿ ಮರೆಯಾಯಿತು. ನಾನು ಒಳಗೆ ಹೋದೆ. ಅವಳು ಕರೆಯುತ್ತಿದ್ದಳು.